ಕೊರಿಯಾದ ಅರಮನೆ ಪ್ರೇಮಕಥೆ: ಗುಣದೋಷ ತೂಗುವ ಬಗೆ

ಕೊರಿಯಾದ ಚಾರಿತ್ರಿಕ ಪ್ರೇಮಕಥೆಯ ಧಾರಾವಾಹಿ ನೋಡಿ ಮುಗಿಸಿದವರ ಬಾಯಲ್ಲಿ ಸಾಮಾನ್ಯವಾಗಿ ಎರಡು ಮಾತು ಬರುತ್ತವೆ: ‘ಜೋಡಿ ಭಾಳ ಚಲೋ ಐತಿ’, ಇಲ್ಲವೆಂದರೆ ‘ಕೊನೀಗೆ ಅಳು ಬಂತು’. ಎರಡೂ ನಿಜವೇ ಇರಬಹುದು. ಆದರೆ ಧಾರಾವಾಹಿಯ ಗಟ್ಟಿ ಭಾಗ ಯಾವುದು, ಟೊಳ್ಳು ಭಾಗ ಯಾವುದು ಎಂಬುದು ಅವುಗಳಿಂದ ತಿಳಿಯುವುದಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಇಂಥ ಧಾರಾವಾಹಿಗಳನ್ನು ಮೊಬೈಲಿನಲ್ಲಿ ನೋಡಿ, ಗೆಳತಿಯರ ಗುಂಪಿನಲ್ಲಿ ಚರ್ಚಿಸುವ, ಕಾಲೇಜಿನ ಭಿತ್ತಿಪತ್ರಿಕೆಗೆ ವಿಮರ್ಶೆ ಬರೆಯುವ ಮಂದಿಗೆ ಬಳಸಲು ಬರುವ ಒಂದು ಕ್ರಮ ಇಲ್ಲಿದೆ. ಬೇಕಾದದ್ದು ಒಂದು ನೂರು ಪುಟದ ನೋಟುಬುಕ್ಕು, ಒಂದು ಪೆನ್ನು, ಕಿವಿಗೆ ಹಾಕಿಕೊಳ್ಳಲು ಇಯರ್‌ಫೋನು.

ಮಾದರಿಗೆ ‘ದಿ ರೆಡ್ ಸ್ಲೀವ್’ ಧಾರಾವಾಹಿಯನ್ನು ಇಟ್ಟುಕೊಳ್ಳೋಣ. 2021ರ ನವೆಂಬರಿನಿಂದ 2022ರ ಜನವರಿ 1ರವರೆಗೆ ಕೊರಿಯಾದ ಎಂಬಿಸಿ ವಾಹಿನಿಯಲ್ಲಿ ಬಂದ, 17 ಕಂತುಗಳ ಕಥೆ ಇದು. 18ನೇ ಶತಮಾನದ ಜೋಸನ್ ರಾಜ್ಯದಲ್ಲಿ ಅಜ್ಜ ಯೊಂಗ್ಜೊನ ನಂತರ ಪಟ್ಟಕ್ಕೆ ಬರಬೇಕಾದ ಮೊಮ್ಮಗ ಯಿ ಸಾನ್, ಅರಮನೆಯ ಊಳಿಗದ ಹೆಣ್ಣು ಸೊಂಗ್ ದೊಕ್‌ಇಮ್, ಇವರಿಬ್ಬರ ನಡುವಿನ ಪ್ರೀತಿ. ಊಳಿಗದ ಹೆಣ್ಣುಗಳ ಕುಪ್ಪಸದ ತೋಳಿನ ತುದಿಗೆ ಇರುವ ಕೆಂಪು ಪಟ್ಟಿಯೇ ಶೀರ್ಷಿಕೆಯ ಮೂಲ. ಕೊನೆಯ ಕಂತಿನ ಸಂಗತಿಗಳೂ ಮುಂದೆ ಬರುತ್ತವೆ. ಇನ್ನೂ ನೋಡದವರು ನೋಡಿ ಬಂದು ಓದುವುದು ಒಳ್ಳೆಯದು.

ಮೊದಲು ಒರೆಗಲ್ಲು

ಎಲ್ಲ ಪ್ರೇಮಕಥೆಗೂ ಅಡ್ಡಿ ಬೇಕು. ಚಾರಿತ್ರಿಕ ಪ್ರೇಮಕಥೆಯಲ್ಲಿ ಕೇಳಬೇಕಾದದ್ದು ಒಂದೇ ಪ್ರಶ್ನೆ: ಈ ಇಬ್ಬರ ನಡುವೆ ನಿಂತಿರುವುದು ಆ ಕಾಲದ ಕಟ್ಟಳೆಯೋ, ಯಾರೋ ಒಬ್ಬ ಖಳನ ಕುತಂತ್ರವೋ? ಅಡ್ಡಿ ಕಟ್ಟಳೆಯಿಂದ ಬಂದರೆ ಆ ಕಥೆಯನ್ನು ಬೇರೆಲ್ಲಿಗೂ ಎತ್ತಿಡಲು ಬರುವುದಿಲ್ಲ. ಖಳನಿಂದ ಮಾತ್ರ ಬಂದರೆ ಅದೇ ಜೋಡಿಗೆ ಜೀನ್ಸ್ ತೊಡಿಸಿ ಬಳ್ಳಾರಿಯ ಕಾಲೇಜಿನಲ್ಲಿ ನಿಲ್ಲಿಸಿದರೂ ಕಥೆ ನಡೆಯುತ್ತದೆ. ಅರಮನೆ ಬರೀ ಪರದೆಯಾಗಿ ಉಳಿಯುತ್ತದೆ. ಉಡುಗೆ, ಸಂಗೀತ, ನಟನೆ ಎಲ್ಲವನ್ನೂ ಈ ಒಂದು ಪ್ರಶ್ನೆಗೆ ಉಜ್ಜಿ ನೋಡಿ.

ಈ ಒರೆಗಲ್ಲು ಕೆಲಸ ಮಾಡಬೇಕೆಂದರೆ ಕಟ್ಟಳೆ ಏನಿತ್ತೆಂದು ತಿಳಿದಿರಬೇಕು. ಜೋಸನ್ ಅರಮನೆಗೆ ಹೆಣ್ಣುಮಕ್ಕಳು ಬಾಲ್ಯದಲ್ಲೇ ಸೇರುತ್ತಿದ್ದರು. ಸುಮಾರು 15 ವರ್ಷದ ಊಳಿಗದ ಬಳಿಕ ತಲೆಗೂದಲು ಎತ್ತಿ ಕಟ್ಟುವ ಒಂದು ವಿಧಿ ನಡೆಯುತ್ತಿತ್ತು. ನೋಡಲು ಮದುವೆಯಂತೆ, ಆದರೆ ಮದುಮಗ ಇಲ್ಲ. ಅಲ್ಲಿಂದಾಚೆ ಅವಳು ಅರಮನೆಯ ಹೆಣ್ಣು, ಹೊರಗಿನವನನ್ನು ಮದುವೆಯಾಗುವಂತಿಲ್ಲ. ಗುಟ್ಟಾಗಿ ಯಾರನ್ನಾದರೂ ಒಲಿದರೆ ಮರಣದಂಡನೆ. ರಾಜ ಕರೆದರೆ ಒಲ್ಲೆ ಎನ್ನುವ ಹಕ್ಕು ಅವಳಿಗಿತ್ತೆಂದು ಯಾರೂ ಎಣಿಸುತ್ತಿರಲಿಲ್ಲ. ಇಷ್ಟು ಗೊತ್ತಿದ್ದರೆ ದೊಕ್‌ಇಮ್ ಸುಮ್ಮನೆ ತಲೆ ತಗ್ಗಿಸಿ ನಿಲ್ಲುವ ದೃಶ್ಯವೂ ಬೇರೆಯಾಗಿ ಕಾಣುತ್ತದೆ.

ಕೂರುವ ಮುನ್ನ ಒಂದು ಪುಟ

ನೋಟುಬುಕ್ಕಿನ ಮೊದಲ ಪುಟದಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ: ಯಾವ ರಾಜನ ಕಾಲ, ಯಾವ ಇಸವಿ, ಪಟ್ಟಕ್ಕೆ ಮುಂದೆ ಯಾರು, ಅವರನ್ನು ತಡೆಯಲು ಯಾರಿಗೆ ಕಾರಣವಿದೆ. ಮಾದರಿಗೆ ಉತ್ತರ ಹೀಗೆ: ಯೊಂಗ್ಜೊ ಆಳಿದ್ದು 1724ರಿಂದ 1776. ಅವನು ತನ್ನ ಮಗ, ಯುವರಾಜ ಸಾದೊನನ್ನು 1762ರಲ್ಲಿ ಅಕ್ಕಿಯ ಪೆಟ್ಟಿಗೆಯಲ್ಲಿ ಮುಚ್ಚಿಸಿ ಕೊಂದ. ಸಾದೊನ ಮಗನೇ ಯಿ ಸಾನ್. ತಂದೆ ಅಪರಾಧಿಯೆಂದು ಸತ್ತದ್ದರಿಂದ ಸಾನ್‌ನನ್ನು ಆಗಲೇ ತೀರಿಹೋಗಿದ್ದ ದೊಡ್ಡಪ್ಪನ ಮಗನೆಂದು ದಾಖಲು ಮಾಡಬೇಕಾಯಿತು. 1776ರಲ್ಲಿ ಪಟ್ಟವೇರಿದ ದಿನ ಅವನು ‘ನಾನು ಸಾದೊನ ಮಗ’ ಎಂದು ಸಭೆಯ ಮುಂದೆ ಸಾರಿದ. 1800ರವರೆಗೆ ಆಳಿದ. ಈ ಹಿನ್ನೆಲೆ ತಿಳಿಯದೆ ನೋಡಿದರೆ ಸಾನ್ ಸಿಡುಕನಂತೆ, ಅತಿಯಾಗಿ ಲೆಕ್ಕ ಹಾಕುವವನಂತೆ ಕಾಣುತ್ತಾನೆ. ತಿಳಿದು ನೋಡಿದರೆ ಅಜ್ಜನ ಒಂದು ಮಾತಿಗೆ ತಲೆ ಹೋಗಬಹುದಾದ ಹುಡುಗ ಕಾಣುತ್ತಾನೆ. ಪಾತ್ರರಚನೆಯ ದೋಷವೆಂದು ಬರೆಯುವ ಅರ್ಧದಷ್ಟು ಮಾತುಗಳು ಈ ಪುಟ ಬರೆಯದ್ದರಿಂದ ಹುಟ್ಟುತ್ತವೆ.

ನಮ್ಮ ಸೀಮೆಯ ಇಸವಿಯನ್ನು ಪಕ್ಕಕ್ಕೆ ಇಟ್ಟುಕೊಂಡರೆ ಕಾಲ ಚೆನ್ನಾಗಿ ನೆನಪಿನಲ್ಲಿ ನಿಲ್ಲುತ್ತದೆ. ಜೋಸನ್ ಹುಟ್ಟಿದ್ದು 1392ರಲ್ಲಿ. ಆಗ ವಿಜಯನಗರದಲ್ಲಿ ಎರಡನೇ ಹರಿಹರ. ರಾಜ ಸೇಜೊಂಗ್ ಕೊರಿಯನ್ ಲಿಪಿಯನ್ನು ರೂಪಿಸಿದ್ದು 1443ರಲ್ಲಿ. ಅದೇ ವರ್ಷ ಪರ್ಷಿಯಾದ ಅಬ್ದುರ್ ರಜಾಕ್ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದಿದ್ದ. ಕೃಷ್ಣದೇವರಾಯ 1520ರಲ್ಲಿ ರಾಯಚೂರು ಕೋಟೆ ಗೆದ್ದಾಗ ಕೊರಿಯಾದಲ್ಲಿ ಜುಂಗ್ಜೊಂಗ್ ಆಳುತ್ತಿದ್ದ. ಅರಮನೆಯ ಅಡುಗೆ ಮತ್ತು ವೈದ್ಯದ ಹೆಸರಾಂತ ಧಾರಾವಾಹಿ ‘ದೇ ಜಾಂಗ್ ಗುಮ್’ ಅವನ ಕಾಲದ್ದೇ. ಆನೆಗೊಂದಿಯಿಂದ ಹೊಳೆ ದಾಟಿ ಹಂಪಿಯ ರಾಣಿವಾಸದ ಗೋಡೆ ನೋಡಿದವರಿಗೆ ಇನ್ನೊಂದು ಹೋಲಿಕೆ ಸಿಗುತ್ತದೆ. ಪೋರ್ಚುಗೀಸ್ ವ್ಯಾಪಾರಿ ನೂನಿಜ್ 1535ರ ಸುಮಾರಿಗೆ ಬರೆದಂತೆ, ವಿಜಯನಗರದ ಅರಮನೆಯೊಳಗೆ ಖರ್ಚಿನ ಲೆಕ್ಕ ಬರೆಯುವ ಹೆಣ್ಣುಗಳಿದ್ದರು. ರಾಜ್ಯದ ವಿಷಯ ಬರೆದು, ಹೊರಗಿನ ಬರಹಗಾರರ ಪುಸ್ತಕದೊಂದಿಗೆ ತಾಳೆ ನೋಡುವವರೂ ಇದ್ದರು. ಓದು ಬರಹ ಬಲ್ಲ ಅರಮನೆಯ ಹೆಣ್ಣು ನಮಗೆ ಹೊಸಬಳಲ್ಲ. ದೊಕ್‌ಇಮ್ ಕಥೆಪುಸ್ತಕ ಓದಿ ಹೇಳುವುದು, ನಕಲು ಮಾಡುವುದು ಕೂಡ ಬರಹಗಾರರ ಕಲ್ಪನೆಯಲ್ಲ. ರಾಜಕುಮಾರಿಯರ ಜೊತೆ ಕೂಡಿ ಒಂದು ದೊಡ್ಡ ಕಾದಂಬರಿಯನ್ನು ಅವಳು ನಕಲು ಮಾಡಿದ್ದಕ್ಕೆ ದಾಖಲೆ ಇದೆ.

ಎರಡು ಸಲ ನೋಡುವ ಕ್ರಮ

ಮೊದಲ ಸಲ ಪೂರ್ತಿ ನೋಡಿ, ಏನೂ ಬರೆಯಬೇಡಿ. ಕಂತಿಗೆ ಸುಮಾರು 70 ನಿಮಿಷ. 17 ಕಂತಿಗೆ 20 ಗಂಟೆ. ದಿನಕ್ಕೆ ಎರಡು ಕಂತು ಮೀರಬಾರದು. ಮೂಲದಲ್ಲಿ ವಾರಕ್ಕೆ ಎರಡು ಕಂತು ನೋಡುವವರಿಗೆಂದು ಕಟ್ಟಿದ ಕಥೆ. ಒಂದೇ ರಾತ್ರಿ ಆರು ಕಂತು ನೋಡಿದರೆ ಹಿಂದಿನದನ್ನು ನೆನಪಿಸುವ ದೃಶ್ಯಗಳೆಲ್ಲ ‘ಹೇಳಿದ್ದೇ ಹೇಳುತ್ತಾರೆ’ ಎನ್ನಿಸಿ ಇಲ್ಲದ ದೋಷ ಕಾಣುತ್ತದೆ. ವೇಗ ಹೆಚ್ಚಿಸಿ ನೋಡುವುದಂತೂ ಬೇಡವೇ ಬೇಡ. ಈ ಬಗೆಯ ಕಥೆಯಲ್ಲಿ ಒಂದು ಮಾತು ಕೇಳಿದ ಮೇಲೆ ಉತ್ತರ ಬರುವವರೆಗಿನ ಮೂರು ನಾಲ್ಕು ಸೆಕೆಂಡಿನ ಮೌನದಲ್ಲೇ ನಟನೆ ಇರುತ್ತದೆ. ವೇಗ ಹೆಚ್ಚಿಸಿದರೆ ಮೊದಲು ಸಾಯುವುದು ಆ ಮೌನ.

ಎರಡನೇ ಸಲಕ್ಕೆ ಆರು ಕಂತು ಸಾಕು: 1, 5, 9, 13, 16, 17. ಏಳು ಗಂಟೆಯ ಕೆಲಸ. ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ: ನಿಮಿಷ, ನಡೆದದ್ದು, ಅಡ್ಡಿಯ ಬಗೆ, ಬೆಲೆ ತೆತ್ತವರು. ಅಡ್ಡಿಗೆ ಕಟ್ಟಳೆಯಿಂದ ಬಂದದ್ದಾದರೆ ‘ಕ’, ಖಳನಿಂದಾದರೆ ‘ಖ’, ಆಕಸ್ಮಿಕವಾದರೆ (ಅದೇ ಹೊತ್ತಿಗೆ ಯಾರೋ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರು ಇತ್ಯಾದಿ) ‘ಆ’ ಎಂದು ಗುರುತು ಹಾಕಿ. ಒಂದು ಕಂತಿನಲ್ಲಿ ಎಂಟು ಹತ್ತು ಗುರುತು ಬೀಳುತ್ತವೆ. ಅರ್ಧಕ್ಕಿಂತ ಹೆಚ್ಚು ‘ಕ’ ಇದ್ದರೆ ಕಂತು ಗಟ್ಟಿ. ‘ಆ’ ಮೂರು ದಾಟಿದರೆ ಬರವಣಿಗೆ ಸೋತಿದೆ ಎಂದೇ ಅರ್ಥ. ‘ಖ’ ಹೆಚ್ಚಿದ್ದರೆ ಕೂಡಲೇ ತೀರ್ಪು ಕೊಡಬೇಡಿ. ಆ ಖಳ ಬಳಸಿದ ಆಯುಧ ಯಾವುದೆಂದು ನೋಡಿ. ಅವನು ಅರಮನೆಯ ಕಟ್ಟಳೆಯನ್ನೇ ಆಯುಧ ಮಾಡಿಕೊಂಡಿದ್ದರೆ ಪಕ್ಕದಲ್ಲಿ ಸಣ್ಣ ‘ಕ’ ಸೇರಿಸಿ.

ನಾಲ್ಕನೇ ಕಾಲಮ್ಮನ್ನು ಬಹಳ ಮಂದಿ ಖಾಲಿ ಬಿಡುತ್ತಾರೆ. ಅದರಲ್ಲೇ ಹೆಚ್ಚಿನ ಸತ್ಯ ಸಿಗುತ್ತದೆ. ರಾಜಕುಮಾರ ಕಟ್ಟಳೆ ಮುರಿದಾಗ ಹೊಡೆತ ತಿನ್ನುವವರು ಯಾರು? ಸಾಮಾನ್ಯವಾಗಿ ಅವನಲ್ಲ; ಜೊತೆಗಿದ್ದ ಊಳಿಗದವರು. ಇದನ್ನು ತೋರಿಸುವ ಧಾರಾವಾಹಿ ಪ್ರಾಮಾಣಿಕ. ನಗಿಸಿ ಮರೆಸಿಬಿಡುವುದು ಬರೀ ಸಿಹಿ.

ಕಿವಿಯಿಂದ ಹಿಡಿಯಬೇಕಾದದ್ದು

ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾ ನೋಡುವವರಿಗೆ ಅರ್ಧ ಪ್ರೇಮಕಥೆ ಸೋರಿಹೋಗುತ್ತದೆ. ಇಂಗ್ಲಿಷಿನಲ್ಲಿ ನೀನು, ನೀವು, ತಾವು ಎಲ್ಲವೂ ಒಂದೇ. ಕೊರಿಯನ್ನಿನಲ್ಲಿ, ಕನ್ನಡದಂತೆಯೇ, ಕ್ರಿಯಾಪದದ ಕೊನೆ ಕೇಳಿದರೆ ಯಾರು ಮೇಲೆ ಯಾರು ಕೆಳಗೆ ಎಂದು ತಿಳಿಯುತ್ತದೆ. ಮೂಲ ಧ್ವನಿಯಲ್ಲೇ ನೋಡಿ. ಕೆಲವು ಪದ ಕಿವಿಗೆ ಹಿಡಿದರೆ ಸಾಕು. ರಾಜನಿಗೆ ‘ಜೊನ್‌ಹಾ’, ಪಟ್ಟಕ್ಕೆ ಬರಬೇಕಾದವನಿಗೆ ‘ಜೊಹಾ’. ‘ಮಾಮಾ’ ಎಂದು ಕೇಳಿದಾಗ ನಮ್ಮ ಸೋದರಮಾವ ನೆನಪಾಗುವುದು ಸಹಜ. ಅಲ್ಲಿ ಅದು ರಾಣಿ, ರಾಜಮಾತೆಯಂಥ ರಾಜಮನೆತನದವರಿಗೆ ಸೇರಿಸುವ ಗೌರವಪದ. ಹಿರಿಯ ಊಳಿಗದ ಹೆಂಗಸಿಗೆ ‘ಮಾಮಾನಿಮ್’. ಊಳಿಗದವಳು ತನ್ನನ್ನು ‘ಸೊಇನ್’ ಎಂದುಕೊಳ್ಳುತ್ತಾಳೆ, ಅಂದರೆ ಸಣ್ಣವಳು. ರಾಜನ ಉಪಪತ್ನಿಯಾದ ಮೇಲೆ ಅದೇ ಬಾಯಲ್ಲಿ ‘ಸಿನ್‌ಚೊಪ್’ ಬರಬೇಕು. ಪದವಿ ಏರಿತೆಂದು ಸಂಗೀತ ಹೇಳುವ ಮೊದಲು ಈ ಒಂದು ಪದ ಹೇಳುತ್ತದೆ. ಆ ಪದ ಹೇಳುವಾಗ ನಟಿಯ ಮುಖ ಹೇಗಿದೆ ಎಂದು ಬರೆದುಕೊಳ್ಳಿ. ಏರಿದ್ದೋ, ಕಳೆದುಕೊಂಡದ್ದೋ ಎಂದು ಅಲ್ಲಿ ತಿಳಿಯುತ್ತದೆ.

ಹೆಸರಿನ ವಿಷಯದಲ್ಲಿ ಸಬ್‌ಟೈಟಲನ್ನು ನಂಬಿ ಧಾರಾವಾಹಿಗೆ ತಪ್ಪು ಹೊರಿಸಬೇಡಿ. ಯೊಂಗ್ಜೊ, ಜೊಂಗ್ಜೊ (ನಮ್ಮ ಯಿ ಸಾನ್‌ನೇ ಈ ಜೊಂಗ್ಜೊ) ಎಂಬುವು ಸತ್ತ ಮೇಲೆ ಪೂಜೆಯ ಮಂದಿರದಲ್ಲಿ ಇಡುವ ಹೆಸರುಗಳು. ಬದುಕಿದ್ದಾಗ ಅವರನ್ನು ಹಾಗೆ ಕರೆದವರಿಲ್ಲ. ಹುಟ್ಟುಹೆಸರಂತೂ ಬಾಯಿಗೆ ತರುವಂತಿರಲಿಲ್ಲ. ಹಾಗಾಗಿ ಜೋಸನ್ ಕಥೆಯಲ್ಲಿ ಹೆಣ್ಣೊಬ್ಬಳು ರಾಜನ ಹುಟ್ಟುಹೆಸರು ಹಿಡಿದು ಕರೆದರೆ, ಅದು ನಮ್ಮ ಸಿನಿಮಾದ ಮುತ್ತಿಗಿಂತ ದೊಡ್ಡ ಘಟನೆ.

ಮಂತ್ರಿಗಳು ಸಾಲಾಗಿ ಮೊಣಕಾಲೂರಿ ಒಕ್ಕೊರಲಿನಿಂದ ರಾಜನ ಮಾತನ್ನು ಎದುರಿಸುವ ದೃಶ್ಯ ನೋಡಿ ‘ರಾಜನಿಗೆ ಹೀಗೆಲ್ಲ ಎದುರಾಡಲು ಸಾಧ್ಯವೇ’ ಎಂದು ದೋಷ ಬರೆಯುವವರಿದ್ದಾರೆ. ಜೋಸನ್‌ನಲ್ಲಿ ರಾಜನಿಗೆ ತಪ್ಪು ಎತ್ತಿ ತೋರಿಸುವುದೇ ಕೆಲಸವಾದ ಕಚೇರಿಯೇ ಇತ್ತು. ಅದು ದೋಷವಲ್ಲ.

ಬಟ್ಟೆ, ಕೂದಲು, ಊಟ

ಇಲ್ಲಿ ನಮ್ಮ ಸೀಮೆಯವರ ಕಣ್ಣು ಚುರುಕು. ಬಳ್ಳಾರಿಯ ಜೀನ್ಸ್ ಹೊಲಿಗೆ ಬಲ್ಲವರು ಯಂತ್ರದ ಹೊಲಿಗೆಯನ್ನು, ಹೊಸ ಬಟ್ಟೆಯ ಗಂಜಿಯ ಹೊಳಪನ್ನು ಬೇಗ ಗುರುತಿಸುತ್ತಾರೆ. ರಾಜನ ಬಟ್ಟೆ ಹೊಳೆಯಲಿ; ಬಾವಿಯ ಕಟ್ಟೆಯಲ್ಲಿ ಬಟ್ಟೆ ಒಗೆಯುವವಳ ಕುಪ್ಪಸವೂ ಹಾಗೆಯೇ ಹೊಳೆದರೆ ಬರೆದುಕೊಳ್ಳಿ. ರಾಜನ ಕೆಂಪು ನಿಲುವಂಗಿಯ ಎದೆಯ ಮೇಲಿನ ಡ್ರ್ಯಾಗನ್‌ಗೆ ಉಗುರು 5, ಯುವರಾಜನ ಕಡುಬಣ್ಣದ ಅಂಗಿಯಲ್ಲಿ 4. ಚಿತ್ರ ನಿಲ್ಲಿಸಿ ಎಣಿಸಬಹುದು. ಮದುವೆಯಾಗದ ಹುಡುಗಿಯ ಜಡೆಗೆ ತುದಿಯಲ್ಲಿ ರಿಬ್ಬನ್ನು. ಮದುವೆಯಾದವಳಿಗೆ ಹೆರಳು ಸುತ್ತಿ ಅಡ್ಡಲಾಗಿ ಚುಚ್ಚಿದ ಕಡ್ಡಿ.

ಕೂದಲಿನ ವ್ಯಾಪಾರಕ್ಕೆ ಹೆಸರಾದ ಕೊಪ್ಪಳದ ಭಾಗ್ಯನಗರದವರಿಗೆ ಇನ್ನೊಂದು ಸಂಗತಿ ಹಿಡಿಸುತ್ತದೆ. ಸಿರಿವಂತ ಹೆಂಗಸರ ತಲೆಯ ಮೇಲಿನ ಆ ದಪ್ಪ ಸುತ್ತು ಅವರದೇ ಕೂದಲಲ್ಲ, ಕೊಂಡು ಸೇರಿಸಿದ್ದು. ಅದರ ಬೆಲೆ, ಭಾರ ಎರಡೂ ಮಿತಿ ಮೀರಿದವು. 1756ರಲ್ಲಿ ಯೊಂಗ್ಜೊ, 1788ರಲ್ಲಿ ಮತ್ತೆ ಜೊಂಗ್ಜೊ ಅದನ್ನು ನಿಷೇಧಿಸಿದರು. ಒಬ್ಬ ರಾಜನ ನಿಷೇಧ ಸಾಲದೆ ಮೊಮ್ಮಗ ಮತ್ತೆ ನಿಷೇಧಿಸಬೇಕಾಯಿತು ಎಂದರೆ ಹೆಂಗಸರು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದರೆಂದು ಊಹಿಸಿ.

ಅರಮನೆಯ ತಪ್ಪು ಎಲ್ಲಕ್ಕಿಂತ ಸಾಮಾನ್ಯ. 1395ರ ಗ್ಯೊಂಗ್‌ಬೊಕ್ ಅರಮನೆ 1592ರ ಜಪಾನೀ ದಾಳಿಯ ವೇಳೆ ಸುಟ್ಟುಹೋಯಿತು. 1867ರವರೆಗೆ ಮರಳಿ ಕಟ್ಟಲಿಲ್ಲ. ಈ ನಡುವಿನ 275 ವರ್ಷದ ಯಾವ ರಾಜನೂ ಅಲ್ಲಿ ಸಭೆ ನಡೆಸುವಂತಿಲ್ಲ. ಯೊಂಗ್ಜೊನ ಕೊನೆಗಾಲ ಗ್ಯೊಂಗ್‌ಹುಯಿ ಅರಮನೆಯಲ್ಲಿ. ಸಾನ್‌ಗೆ ಪಟ್ಟವಾದದ್ದೂ ಅಲ್ಲೇ. ಊಟದ ತಟ್ಟೆಯಲ್ಲಿ ಮೆಣಸಿನಕಾಯಿ ಹುಡುಕಿ. ಸಿರುಗುಪ್ಪ, ಕುರುಗೋಡು ಕಡೆ ಮೆಣಸಿನಕಾಯಿ ಬೆಳೆಯುವವರಿಗೂ ಅದು ಅಮೆರಿಕ ಖಂಡದಿಂದ ಬಂದ ಬೆಳೆ. ಕೊರಿಯಾಕ್ಕೆ ಹೋದದ್ದು 16ನೇ ಶತಮಾನದ ಕೊನೆಯ ಸುಮಾರಿಗೆ. ಸೇಜೊಂಗ್ ಕಾಲದ ಕಥೆಯಲ್ಲಿ ಮೆಣಸಿನಕಾಯಿ ಹಾಕಿದ ಕೆಂಪು ಕಿಮ್ಚಿ (ಹುದುಗಿಸಿದ ತರಕಾರಿಯ ಉಪ್ಪಿನಕಾಯಿ) ಬಡಿಸಿದರೆ ತಪ್ಪು. ಯೊಂಗ್ಜೊನ ಕಾಲದಲ್ಲಿ ಸರಿ. ಗೆಣಸು ಅಲ್ಲಿಗೆ ಬಂದದ್ದು 1763ರಲ್ಲಿ.

ಇಂಥ ತಪ್ಪುಗಳಿಗೆ ತೂಕ ಕಡಿಮೆ ಕೊಡಿ. ಹತ್ತು ಉಡುಗೆಯ ತಪ್ಪು ಸೇರಿದರೂ ಒಂದು ಕಟ್ಟಳೆಯ ತಪ್ಪಿಗೆ ಸಮವಲ್ಲ. ಊಳಿಗದವಳು ಬೇಸರವಾಯಿತೆಂದು ಅರಮನೆ ಬಿಟ್ಟು ಪೇಟೆಗೆ ಹೋಗಿ ಬಂದರೆ, ಕಥೆ ನಿಂತಿರುವ ನೆಲವೇ ಕುಸಿದಂತೆ.

ದಾಖಲೆ ಮತ್ತು ಕಲ್ಪನೆ

ಜೋಸನ್ ಬಗ್ಗೆ ಬರೆಯುವವರಿಗೆ ದಾಖಲೆಯ ಕೊರತೆ ಇಲ್ಲ. 1392ರಿಂದ 1863ರವರೆಗಿನ 472 ವರ್ಷದ, 25 ರಾಜರ ವೃತ್ತಾಂತ ಉಳಿದಿದೆ. 1997ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಸ್ಮೃತಿಯ ಪಟ್ಟಿಗೆ ಸೇರಿಸಿತು. ದಿನಚರಿ ಬರೆಯುವವರು ರಾಜನ ಮಾತನ್ನೂ ಮುಲಾಜಿಲ್ಲದೆ ಬರೆಯುತ್ತಿದ್ದರು. 1404ರಲ್ಲಿ ರಾಜ ತೇಜೊಂಗ್ ಬೇಟೆಯಲ್ಲಿ ಕುದುರೆಯಿಂದ ಬಿದ್ದು ‘ದಿನಚರಿಯವನಿಗೆ ತಿಳಿಯದಿರಲಿ’ ಎಂದ. ಆ ಮಾತೂ ದಾಖಲಾಯಿತು. ಇಷ್ಟು ಕಟ್ಟುನಿಟ್ಟಾಗಿ ಬರೆದಿಟ್ಟ ನಾಡಿನಲ್ಲಿ ಪ್ರೇಕ್ಷಕರೂ ಕಟ್ಟುನಿಟ್ಟು. 2021ರಲ್ಲಿ ಒಂದು ವಾಹಿನಿ ಚರಿತ್ರೆ ತಿರುಚಿದ ದೂರಿನ ಮೇಲೆ ತನ್ನ ಧಾರಾವಾಹಿಯನ್ನು ಎರಡೇ ಕಂತಿಗೆ ನಿಲ್ಲಿಸಬೇಕಾಯಿತು.

ಹಾಗೆಂದು ಕಲ್ಪನೆಯೆಲ್ಲ ದೋಷವಲ್ಲ. ರಾಜನೇ ಕಲ್ಪಿತನಾದ ಧಾರಾವಾಹಿಗಳಿವೆ. ಅವುಗಳಿಗೆ ಇಸವಿಯ ಪರೀಕ್ಷೆ ಹಚ್ಚಬೇಡಿ, ಕಟ್ಟಳೆಯ ಪರೀಕ್ಷೆ ಮಾತ್ರ ಹಚ್ಚಿ. ನಿಜವಾದ ರಾಜನ ಹೆಸರು ಇಟ್ಟವರು ಆ ಹೆಸರಿನ ಭಾರವನ್ನೂ ಹೊರಬೇಕು.

ಮಾದರಿಯ ತೂಕ

ಈ ಕ್ರಮದಲ್ಲಿ ‘ದಿ ರೆಡ್ ಸ್ಲೀವ್’ ತೂಗಿದರೆ ಮೊದಲ ಗುಣ ಎದ್ದು ಕಾಣುತ್ತದೆ: ಕಥೆಯ ಗಂಟು ಕಟ್ಟಳೆಯಲ್ಲೇ ಇದೆ. ಸಾನ್ ಕೆಟ್ಟವನಲ್ಲ, ದೊಕ್‌ಇಮ್‌ಗೆ ಅವನ ಮೇಲೆ ಮನಸ್ಸಿಲ್ಲವೆಂದೂ ಅಲ್ಲ. ರಾಜನ ಹೆಂಡತಿಯಾದರೆ ತನ್ನದೆಂದು ಇರುವ ಚೂರುಪಾರು ಬದುಕು, ಮೂವರು ಗೆಳತಿಯರ ಒಡನಾಟ, ಪುಸ್ತಕ, ಕೂಲಿಯ ಕಾಸು, ಎಲ್ಲವೂ ಹೋಗುತ್ತದೆಂದು ಅವಳಿಗೆ ಗೊತ್ತು. ಆದ್ದರಿಂದ ಒಲ್ಲೆ ಎನ್ನುತ್ತಾಳೆ. ಇದು ದಾಖಲೆಗೂ ಒಪ್ಪುತ್ತದೆ. ಅವಳು ಸತ್ತ ಮೇಲೆ ಜೊಂಗ್ಜೊ ತಾನೇ ಬರೆದ ಸಮಾಧಿಲೇಖದಲ್ಲಿ, ಎರಡು ಸಲ ಕೇಳಿದಾಗಲೂ ಅವಳು ಒಪ್ಪಲಿಲ್ಲ, ಎರಡರ ನಡುವೆ 15 ವರ್ಷ ಕಳೆದಿತ್ತು ಎಂದಿದ್ದಾನೆ. ಗೆಳತಿ ಯೊಂಗ್‌ಹುಯಿ ಕಾವಲುಗಾರನೊಬ್ಬನನ್ನು ಒಲಿದು ಪ್ರಾಣ ಕಳೆದುಕೊಳ್ಳುವ ಭಾಗ ನಾಲ್ಕನೇ ಕಾಲಮ್ಮಿನ ಅತ್ಯಂತ ಭಾರದ ಸಾಲು. ರಾಜನ ಪ್ರೀತಿಗೆ ಅರಮನೆ ತೆರೆಯುತ್ತದೆ. ಊಳಿಗದವಳ ಪ್ರೀತಿಗೆ ಅದೇ ಅರಮನೆ ಮರಣ ಕೊಡುತ್ತದೆ. ಸಾಯುವ ಹೊತ್ತಿನಲ್ಲಿ ದೊಕ್‌ಇಮ್ ಕೇಳುವುದು ಗೆಳತಿಯರನ್ನು, ರಾಜನನ್ನಲ್ಲ. ಮುಂದಿನ ಜನ್ಮದಲ್ಲಿ ಕಂಡರೂ ಕಾಣದಂತೆ ಹಾದುಹೋಗಿ ಎಂದು ಅವನನ್ನೇ ಬೇಡುತ್ತಾಳೆ. ಪ್ರೇಮಕಥೆಯೊಂದು ಇಷ್ಟು ಧೈರ್ಯ ತೋರುವುದು ಅಪರೂಪ.

ಮುದಿ ಯೊಂಗ್ಜೊನ ಪಾತ್ರದಲ್ಲಿ ಲೀ ದೊಕ್‌ಹ್ವಾ ಕೊಟ್ಟ ನಟನೆಗೆ ಒಂದು ಪುಟ ಬೇರೆ ಇಡಿ. ಮೊಮ್ಮಗನ ಮೇಲಿನ ಮಮತೆ, ಮಗನನ್ನು ಕೊಂದ ಅಳುಕು, ಮರೆವು, ಸಿಟ್ಟು, ಎಲ್ಲವೂ ಒಂದೇ ದೃಶ್ಯದಲ್ಲಿ ಬದಲಾಗುತ್ತವೆ. ಕಂಪನಿ ನಾಟಕ, ದೊಡ್ಡಾಟ ನೋಡಿ ಬೆಳೆದ ನಮ್ಮ ಮಂದಿಗೆ ಅವರ ಗಂಟಲಿನ ಏರಿಳಿತ ಹೊರಗಿನದೆನ್ನಿಸುವುದಿಲ್ಲ.

ದೋಷಗಳಲ್ಲಿ ದೊಡ್ಡದು ನಡುವಿನ ಕಂತುಗಳ ಗುಪ್ತಕೂಟ. ಹಿರಿಯ ಊಳಿಗದವಳೊಬ್ಬಳು ಕಟ್ಟಿದ, ರಾಜ ಯಾರಾಗಬೇಕೆಂದು ತೀರ್ಮಾನಿಸಲು ಹೊರಡುವ ಹೆಣ್ಣುಗಳ ಕೂಟ ಪೂರ್ತಿ ಕಲ್ಪನೆ. ಕಲ್ಪನೆ ಎಂಬುದಕ್ಕಲ್ಲ ತಕರಾರು. ಅರಮನೆಗೆ ಬದುಕು ತೆತ್ತ ಹೆಣ್ಣುಗಳ ಕೋಪ ಎಂಬ ಒಳ್ಳೆಯ ಬೀಜ ಅದರಲ್ಲಿದೆ. ಅದನ್ನು ಕೊಲೆಸಂಚಿನ ರೋಚಕತೆಗೆ ಬಳಸಿ ಮುಗಿಸಿದ್ದಾರೆ. ಅಲ್ಲಿ ‘ಕ’ ಕಡಿಮೆಯಾಗಿ ‘ಖ’ ಸಾಲು ಸಾಲಾಗಿ ಬೀಳುತ್ತದೆ. ಸಂಚು ಮುಗಿದ ಮೇಲೆ ಆ ಹೆಣ್ಣುಗಳ ಮಾತೇ ಇಲ್ಲ.

ಎರಡನೆಯದು, ಪಟ್ಟದ ರಾಣಿ ಮುಂಭಾಗಕ್ಕೆ ಬರುವುದೇ ಇಲ್ಲ. ಸಮಾಧಿಲೇಖದ ಪ್ರಕಾರ ದೊಕ್‌ಇಮ್ ಮೊದಲ ಸಲ ಒಲ್ಲೆ ಎಂದದ್ದಕ್ಕೆ ಕಾರಣವೇ ಆ ರಾಣಿಗೆ ಇನ್ನೂ ಮಕ್ಕಳಾಗಿಲ್ಲ ಎಂಬುದು. ಅವಳನ್ನು ಮರೆಯಲ್ಲಿಟ್ಟದ್ದರಿಂದ ಪ್ರೇಮ ಹಗುರಾಯಿತು, ನೋಡುವವರ ಮನಸ್ಸಿಗೆ ಮುಳ್ಳು ಚುಚ್ಚಲಿಲ್ಲ. ಆದರೆ ಕಥೆ ಒಂದು ದೊಡ್ಡ ಕಟ್ಟಳೆಯನ್ನು ಕಳೆದುಕೊಂಡಿತು. ಮೂರನೆಯದು ಕೊನೆಯ ಅವಸರ. ಮೊದಲು 16 ಕಂತೆಂದು ಹೊರಟು ಒಂದು ಕಂತು ಹೆಚ್ಚಿಸಿದರೂ ಉಪಪತ್ನಿಯಾಗುವುದು, 1782ರಲ್ಲಿ ಮಗ ಹುಟ್ಟುವುದು, 1786ರಲ್ಲಿ ಮಗನೂ ತಾಯಿಯೂ ತೀರಿಹೋಗುವುದು, ಆಮೇಲೆ 14 ವರ್ಷದ ರಾಜನ ಒಂಟಿತನ, ಇಷ್ಟೂ ಕೊನೆಯ ಕೆಲವೇ ತಾಸಿನಲ್ಲಿ ಹಾದುಹೋಗುತ್ತದೆ. ಮಗುವಿನ ಸಾವಿಗೆ ಸಿಗಬೇಕಾದ ಹೊತ್ತು ಸಿಕ್ಕಿಲ್ಲ.

ಬರೆಯಲು ಕೂತಾಗ

600 ಪದ ಸಾಕು. ಕಥೆಯ ಸಾರಾಂಶಕ್ಕೆ 80 ಪದಕ್ಕಿಂತ ಹೆಚ್ಚು ಕೊಡಬೇಡಿ. ನಿಮ್ಮ ನೋಟುಬುಕ್ಕಿನಿಂದ ಒಂದು ಗಟ್ಟಿ ದೃಶ್ಯ, ಒಂದು ಟೊಳ್ಳು ದೃಶ್ಯ ಆರಿಸಿ, ಎರಡನ್ನೂ ನಿಮಿಷ ಸಮೇತ ವಿವರಿಸಿ. ಉಳಿದದ್ದು ತಾನಾಗಿ ಬರುತ್ತದೆ. ಗುಣಕ್ಕೆ ಮೂರು, ದೋಷಕ್ಕೆ ಮೂರು ಎಂದು ಸಮ ಮಾಡಲು ಹೋಗಬೇಡಿ; ಧಾರಾವಾಹಿ ಹಾಗೆ ಸಮನಾಗಿ ಇರುವುದಿಲ್ಲ. ‘ನಿಧಾನ’ ಎಂದು ಬರೆಯುವ ಮುನ್ನ ಆ ದೃಶ್ಯವನ್ನು ಮತ್ತೊಮ್ಮೆ ಸಬ್‌ಟೈಟಲ್ ಮುಚ್ಚಿ ನೋಡಿ: ಮಾತು ಇಲ್ಲದೆಯೂ ಮುಖಗಳ ನಡುವೆ ಏನೋ ನಡೆಯುತ್ತಿದ್ದರೆ ಅದು ನಿಧಾನವಲ್ಲ. ಒಂದೇ ಹಾಡು ಒಂದು ಕಂತಿನಲ್ಲಿ ಮೂರನೇ ಸಲ ಬಂದು ಅಳಿಸಲು ಯತ್ನಿಸಿದ್ದರೆ ಅದನ್ನು ದೋಷವೆಂದೇ ಬರೆಯಿರಿ. ಕೊರಿಯನ್ ಹೆಸರು ಬರೆಯುವಾಗ ಮನೆತನದ ಹೆಸರು ಮೊದಲು: ಸೊಂಗ್ ಎಂಬುದು ಮನೆತನ, ದೊಕ್‌ಇಮ್ ಎಂಬುದು ಅವಳ ಹೆಸರು. ಲೇಖನದುದ್ದಕ್ಕೂ ‘ಸೊಂಗ್’ ಎಂದು ಬರೆದರೆ ಓದುಗರು ಅವಳ ಇಡೀ ಮನೆತನವನ್ನು ಕರೆದಂತೆ.